ಯಾವ ಗಾಲಿ ಕೊಳ್ಳಬೇಕು? – ಅನುಪಾತ ಪಾಠದ ಒಂದು ಮರುಬೋಧನೆ

ತರಗತಿ: 8
ವಿಷಯ: ಗಣಿತ
ಘಟಕ: ನೇರ ಮತ್ತು ವಿಲೋಮ ಅನುಪಾತಗಳು
ಅವಧಿ: 40 ನಿಮಿಷಗಳ 2 ಪಾಠಗಳು
ಬೋಧನೋಪಕರಣಗಳು: ಬೈಸಿಕಲ್, ಚಿಕ್ಕ ಮಕ್ಕಳ ಮೂರು ಗಾಲಿ ಸೈಕಲ್, ಅಳತೆ ಪಟ್ಟಿ, ಸೀಮೆಸುಣ್ಣ

ಅಭ್ಯಾಸ ಬೋಧನೆಗಾಗಿ ಚಿಂಚಲಿಯ ಪ್ರೌಢಶಾಲೆಯೊಂದರಲ್ಲಿದ್ದಾಗ ಈ ಪಾಠ ಮಾಡಿದೆ. ಮಾಯಕ್ಕನ ಜಾತ್ರೆಗೆ ಬರುವ ಎತ್ತಿನ ಗಾಡಿಗಳನ್ನು ಮಕ್ಕಳೆಲ್ಲ ನೋಡಿರುತ್ತಾರೆ. ಆದ್ದರಿಂದ ಪೂರ್ವಜ್ಞಾನ ಪರೀಕ್ಷಿಸಲು, "ಒಂದೇ ದಾರಿಯಲ್ಲಿ ಎತ್ತಿನ ಗಾಡಿಯ ದೊಡ್ಡ ಗಾಲಿ ಹೆಚ್ಚು ಸುತ್ತುತ್ತದೆಯೋ, ಸೈಕಲ್ಲಿನ ಚಿಕ್ಕ ಗಾಲಿಯೋ?" ಎಂದು ಕೇಳಿದೆ. "ಸಣ್ಣದ ಜಾಸ್ತಿ ತಿರಗತೈತ್ರಿ" ಎಂಬ ಉತ್ತರ ತಕ್ಷಣ ಬಂತು. ವಿಲೋಮ ಅನುಪಾತದ ಬಾಗಿಲು ಅಲ್ಲೇ ತೆರೆಯಿತು.

ಮುಂದೆ ಮೂರು ಗಾಲಿ ಸೈಕಲ್ ತೋರಿಸಿದೆ. ಅದರಲ್ಲಿ ಪೆಡಲ್ ನೇರವಾಗಿ ಮುಂದಿನ ಗಾಲಿಗೇ ಜೋಡಣೆಯಾಗಿದೆ, ಚೈನ್ ಇಲ್ಲ. ಪೆಡಲ್ ಒಂದು ಸುತ್ತಾದರೆ ಗಾಲಿಯೂ ಒಂದೇ ಸುತ್ತು. ಬೈಸಿಕಲ್ಲಿನಲ್ಲಿ ಹಾಗಲ್ಲ. ನಾವು ತಂದದ್ದರಲ್ಲಿ ಮುಂದಿನ ಚಕ್ರಕ್ಕೆ 44 ಹಲ್ಲು, ಹಿಂದಿನದಕ್ಕೆ 18. ಪೆಡಲ್ ಒಮ್ಮೆ ತಿರುಗಿದರೆ ಹಿಂದಿನ ಗಾಲಿ ಸುಮಾರು 2.44 ಸುತ್ತು ಸುತ್ತುತ್ತದೆ. ಚೈನ್ ಇಲ್ಲದ ಕಾಲದಲ್ಲಿ ವೇಗಕ್ಕಾಗಿ ಮುಂದಿನ ಗಾಲಿಯನ್ನೇ ಆಳೆತ್ತರಕ್ಕೆ ಬೆಳೆಸುತ್ತಿದ್ದರು. 1885ರಲ್ಲಿ ಇಂಗ್ಲೆಂಡಿನ ಜೆ. ಕೆ. ಸ್ಟಾರ್ಲಿ ಚೈನ್ ಇರುವ ರೋವರ್ ಸೈಕಲ್ ತಂದ ಮೇಲೆ ಆ ಎತ್ತರದ ಅಗತ್ಯ ಉಳಿಯಲಿಲ್ಲ.

ಆಗ ಒಬ್ಬ ಹುಡುಗ, "ಸರ್ಕಸ್‌ನ್ಯಾಗಿನ ಒಂದ ಗಾಲಿ ಸೈಕಲ್ಲಿಗೂ ಚೈನ್ ಇರಂಗಿಲ್ಲಲ್ರಿ?" ಎಂದ. ಸಾಮಾನ್ಯ ಯುನಿಸೈಕಲ್‌ಗೆ ಚೈನ್ ಇರುವುದಿಲ್ಲ. ಇದನ್ನೇ ಹಿಡಿದು ಒಂದು ಸಮಸ್ಯೆ ಕೊಟ್ಟೆ. ಬೆಲೆಗಳು ಲೆಕ್ಕಕ್ಕಾಗಿ ಊಹಿಸಿಕೊಂಡವು.

ಕೈಯಲ್ಲಿ 6,000 ರೂ. ಇದೆ. 20 ಇಂಚಿನ ಯುನಿಸೈಕಲ್‌ಗೆ 4,500 ರೂ., 24 ಇಂಚಿನದಕ್ಕೆ 5,800 ರೂ. ಯಾವುದನ್ನು ಕೊಳ್ಳುವುದು ಉತ್ತಮ?

ಮಕ್ಕಳು ಸರಿಯಾಗಿಯೇ ಲೆಕ್ಕ ಮಾಡಿದರು. 20 ಇಂಚಿನ ಗಾಲಿಯ ಪರಿಧಿ ಸುಮಾರು 1.6 ಮೀಟರ್, 24 ಇಂಚಿನದು 1.91 ಮೀಟರ್. 1 ಕಿ.ಮೀ.ಗೆ ಚಿಕ್ಕದು ಸುಮಾರು 627 ಸುತ್ತು, ದೊಡ್ಡದು 522. ಎರಡೂ ಹಣದೊಳಗೇ ಸಿಗುತ್ತವೆ, ದೊಡ್ಡದು ಹೆಚ್ಚು ದೂರ ಹೋಗುತ್ತದೆ. ಹಾಗಾಗಿ 24 ಇಂಚಿನದೇ ಉತ್ತಮ. ನನ್ನ ಪಾಠ ಯೋಜನೆಯಲ್ಲೂ ಇದೇ ಉತ್ತರವಿತ್ತು.

ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ಕೇಳಿದಳು: "ಇದನ್ನ ಹತ್ತಾವ್ರು ಯಾರ್ರಿ ಸರ್? ಬರೋರೋ, ಇನ್ನ ಕಲಿಯೋರೋ?"

ನನ್ನಲ್ಲಿ ಉತ್ತರವಿರಲಿಲ್ಲ. "ಮುಂದೆ ನೋಡೋಣ" ಎಂದು ಕೂರಿಸಿದೆ. ಅವಲೋಕನ ಹಾಳೆಯಲ್ಲಿ ಮಾರ್ಗದರ್ಶಕರು ಒಂದೇ ಸಾಲು ಬರೆದಿದ್ದರು: ತರಗತಿಯ ಅತ್ಯುತ್ತಮ ಪ್ರಶ್ನೆಯನ್ನು ಕೈಬಿಡಲಾಗಿದೆ.

ಮರುಬೋಧನೆಯನ್ನು ಆ ಪ್ರಶ್ನೆಯಿಂದಲೇ ಆರಂಭಿಸಿದೆ. ಪೆಡಲ್ ಹಿಡಿದಿರುವ ಕ್ರ್ಯಾಂಕ್‌ನ ಉದ್ದ ಎರಡರಲ್ಲೂ 12.5 ಸೆಂ.ಮೀ. ಎಂದಿಟ್ಟುಕೊಂಡೆವು. ಗಾಲಿ 20ರಿಂದ 24 ಇಂಚಿಗೆ ಹೋದರೆ ದೂರ 1.2 ಪಟ್ಟು ಹೆಚ್ಚುತ್ತದೆ. ಆದರೆ ಗಾಲಿಯನ್ನು ಅಷ್ಟೇ ಬಲದಿಂದ ಮುಂದೂಡಲು ಪೆಡಲ್ ಮೇಲೆ ಹಾಕಬೇಕಾದ ಬಲವೂ 1.2 ಪಟ್ಟಾಗುತ್ತದೆ. ಸುತ್ತುಗಳದ್ದು ವಿಲೋಮ ಅನುಪಾತ, ಬಲದ್ದು ನೇರ ಅನುಪಾತ. ಘಟಕದ ಎರಡೂ ಭಾಗ ಒಂದೇ ಗಾಲಿಯಲ್ಲಿ ಸಿಕ್ಕವು. ಕೆಳಗಿರುವ ಪೆಡಲ್ ನೆಲದಿಂದ ಚಿಕ್ಕದರಲ್ಲಿ ಸುಮಾರು 13 ಸೆಂ.ಮೀ., ದೊಡ್ಡದರಲ್ಲಿ 18 ಸೆಂ.ಮೀ. ಎತ್ತರದಲ್ಲಿರುತ್ತದೆ. ಮತ್ತೆ ಮತ್ತೆ ಜಾರಿ ಇಳಿಯಬೇಕಾದ ಕಲಿಕೆಯವರಿಗೆ ಆ 5 ಸೆಂ.ಮೀ. ಸಣ್ಣದಲ್ಲ.

ಗುಂಪುಗಳಿಗೆ ಮೂರು ಬಗೆಯ ಸವಾರರನ್ನು ಕೊಟ್ಟೆ: 8ನೇ ತರಗತಿಯ ಹೊಸಬ, 3ನೇ ತರಗತಿಯ ತಮ್ಮ, ಆಗಲೇ ಕಲಿತು ದೂರ ಹೋಗಬಯಸುವವರು. ಉತ್ತರದ ಜೊತೆ "ಏಕೆಂದರೆ" ಎಂಬ ವಾಕ್ಯ ಕಡ್ಡಾಯ. ರೂಢಿಯಲ್ಲೂ ಹೊಸಬರಿಗೆ 20 ಇಂಚು, ಚಿಕ್ಕ ಮಕ್ಕಳಿಗೆ 16, ದೂರಕ್ಕೆ 24 ಅಥವಾ ಇನ್ನೂ ದೊಡ್ಡದನ್ನು ಆರಿಸುತ್ತಾರೆ. ಹೆಚ್ಚಿನ ಗುಂಪುಗಳು ಲೆಕ್ಕದಿಂದಲೇ ಅಲ್ಲಿಗೆ ತಲುಪಿದವು. ಒಂದು ಗುಂಪು, ಉಳಿಯುವ 1,500 ರೂ.ಗೆ ಹೆಲ್ಮೆಟ್ ಮತ್ತು ಮೊಣಕಾಲಿನ ಪ್ಯಾಡ್ ತರಬಹುದು ಎಂದು ಬರೆಯಿತು. "ಹಳೇದ ಸಿಕ್ಕರ ನಡೀತೈತೇನ್ರಿ?" ಎಂದು ಇನ್ನೊಂದು ಗುಂಪು ಕೇಳಿತು. ನಡೆಯುತ್ತದೆ. ಆದರೆ ಗಾಲಿ ಸೊಟ್ಟಗಾಗಿರಬಾರದು, ಕ್ರ್ಯಾಂಕ್ ಅಲುಗಾಡಬಾರದು, ಸೀಟನ್ನು ಸವಾರನ ಎತ್ತರಕ್ಕೆ ಹೊಂದಿಸಲು ಬರಬೇಕು. ಎಡ ಪೆಡಲಿನ ತಿರುಪು ಬಲದ್ದಕ್ಕೆ ವಿರುದ್ಧವಾಗಿರುತ್ತದೆ. ಯುನಿಸೈಕಲ್ಲನ್ನು ಹಿಂದುಮುಂದಾಗಿ ಓಡಿಸಿದರೆ ಪೆಡಲ್ ತಾನಾಗಿ ಸಡಿಲಗೊಳ್ಳಬಹುದು. ಇದನ್ನು ಬೈಸಿಕಲ್ಲಿನ ಪೆಡಲ್ ಬಿಚ್ಚಿ ತೋರಿಸಿದೆ.

ಒಂದು ಗುಂಪು ಮಾತ್ರ ಹೊಸಬನಿಗೂ 24 ಇಂಚಿನದೇ ಇರಲಿ ಎಂದು ಪಟ್ಟು ಹಿಡಿಯಿತು. "ಕಲತ ಮ್ಯಾಲ ಸಣ್ಣದ ಸಾಲಂಗಿಲ್ರಿ. ಎರಡ ಸಲ ರೊಕ್ಕ ಯಾರ್ ಕೊಡ್ತಾರ್ರಿ?" ಕಲಿಯಲು ಹೆಚ್ಚು ದಿನ ಬೇಕಾಗುತ್ತದೆ ಎಂಬುದನ್ನೂ ಅವರೇ ಬರೆದಿದ್ದರು. ಪೂರ್ಣ ಅಂಕ ಕೊಟ್ಟೆ.

ಅನ್ವಯ ಸಮಸ್ಯೆ ಬರೆಯುವಾಗ "ಯಾವುದು ಉತ್ತಮ?" ಎಂದಷ್ಟೇ ಕೇಳಿದರೆ ಮಕ್ಕಳು ದೊಡ್ಡ ಸಂಖ್ಯೆಯನ್ನು ಆರಿಸುತ್ತಾರೆ. "ಯಾರಿಗೆ?" ಎಂದು ಸೇರಿಸಿದರೆ ಸಂಖ್ಯೆಗಳನ್ನು ತೂಗಿ ನೋಡುತ್ತಾರೆ. ಈಗ ನನ್ನ ಪಾಠ ಯೋಜನೆಯ ನಮೂನೆಯಲ್ಲಿ ಆ ಪ್ರಶ್ನೆಗೆಂದೇ ಒಂದು ಕಲಂ ಹಾಕಿಕೊಂಡಿದ್ದೇನೆ. ಅದನ್ನು ಕಲಿಸಿದವಳು ಹಿಂದಿನ ಸಾಲಿನ ಆ ವಿದ್ಯಾರ್ಥಿನಿ.