ಭರವಸೆಗೂ ಲೆಕ್ಕ ಬೇಕು: ಸ್ಯಾಕ್ರಮೆಂಟೊ ಕಿಂಗ್ಸ್ ಕಲಿಸಿದ ಪಾಠಗಳು

ಸೆಪ್ಟೆಂಬರ್ ಮುಗಿಯುತ್ತಾ ಬಂದ ಹಾಗೆ ಸ್ಯಾಕ್ರಮೆಂಟೊದಲ್ಲಿ ಬ್ಯಾಸ್ಕೆಟ್‌ಬಾಲ್ ಮಾತು ಶುರುವಾಗುತ್ತದೆ. ಆಫೀಸಿನ ಲಿಫ್ಟಿನಲ್ಲಿ, ಫಾಲ್ಸಮ್‌ನ ಇಂಡಿಯನ್ ಅಂಗಡಿಯ ಬಿಲ್ ಕೌಂಟರಿನ ಮುಂದೆ, ಮಕ್ಕಳ ಶಾಲೆಯ ಗೇಟಿನ ಹತ್ತಿರ ಕೇಳಿಬರುವುದು ಒಂದೇ ಪ್ರಶ್ನೆ: ಈ ಸಲ ನಮ್ಮ ಕಿಂಗ್ಸ್ ಹೇಗೆ? ಸೀಸನ್ ಇನ್ನೇನು ಬಂದೇಬಿಡುತ್ತದೆ. ಎನ್‌ಬಿಎಯ 30 ತಂಡಗಳ ಖಾತೆಯಲ್ಲೂ ಆಗ ಸೊನ್ನೆ ಗೆಲುವು, ಸೊನ್ನೆ ಸೋಲು. ಆಸೆ ಪಡಲು ಇದಕ್ಕಿಂತ ಒಳ್ಳೆಯ ಸಮಯವಿಲ್ಲ. ನನಗೂ ಆಸೆ ಇದೆ, ತುಂಬಾ ಇದೆ. ಆದರೆ ಈ ತಂಡವನ್ನು ವರ್ಷಗಟ್ಟಲೆ ನೋಡಿಕೊಂಡು ಬಂದವರಿಗೆ ಆಸೆ ಇಟ್ಟುಕೊಳ್ಳುವುದಕ್ಕೂ ಒಂದು ರೀತಿ ಇದೆ ಎಂದು ಗೊತ್ತು. ಹೊಸದಾಗಿ ಈ ಊರಿಗೆ ಬಂದು ಕಿಂಗ್ಸ್ ಅಭಿಮಾನಿಗಳಾಗುವ ಕನ್ನಡದವರಿಗೆ ನಾನು ಹೇಳುವ ಮಾತುಗಳು ಇವು.

1. ಮೊದಲು ತಂಡದ ಚರಿತ್ರೆ ತಿಳಿದುಕೊಳ್ಳಿ

ಈ ತಂಡ ಚಾಂಪಿಯನ್ ಆಗಿದ್ದು ಒಂದೇ ಸಲ, 1951ರಲ್ಲಿ. ಆಗ ಅದು ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿತ್ತು, ಹೆಸರು ರಾಯಲ್ಸ್. ಊರಿಂದೂರಿಗೆ ಹೋಗಿ, ಕಾನ್ಸಾಸ್ ಸಿಟಿಯಿಂದ ಸ್ಯಾಕ್ರಮೆಂಟೊಗೆ ಬಂದಿದ್ದು 1985ರಲ್ಲಿ. ಇಲ್ಲಿಗೆ ಬಂದ ಮೇಲೆ ಕಪ್‌ಗೆ ಅತಿ ಹತ್ತಿರ ಹೋಗಿದ್ದು 2002ರಲ್ಲಿ. ಕ್ರಿಸ್ ವೆಬ್ಬರ್, ವ್ಲಾಡೆ ಡಿವಾಟ್ಸ್, ಮೈಕ್ ಬಿಬ್ಬಿ, ಪೇಜಾ ಸ್ಟೊಯಾಕೊವಿಚ್ ಇದ್ದ ತಂಡ ಅದು. ವೆಸ್ಟರ್ನ್ ಕಾನ್ಫರೆನ್ಸ್ ಫೈನಲ್‌ನಲ್ಲಿ ಲೇಕರ್ಸ್ ವಿರುದ್ಧ ಏಳನೇ ಮ್ಯಾಚಿನವರೆಗೂ ಹೋರಾಡಿ, ಸ್ವಂತ ಊರಿನಲ್ಲಿ, ಓವರ್‌ಟೈಮಿನಲ್ಲಿ ಸೋತರು. ಆ ಸರಣಿಯ ಆರನೇ ಮ್ಯಾಚಿನ ಕೊನೆಯ ಕ್ವಾರ್ಟರಿನಲ್ಲಿ ಲೇಕರ್ಸ್‌ಗೆ 27 ಫ್ರೀ ಥ್ರೋ ಸಿಕ್ಕಿದ್ದನ್ನು ಇಲ್ಲಿನ ಹಿರಿಯರು ಇವತ್ತಿಗೂ ನಿನ್ನೆ ನಡೆದ ಹಾಗೆ ಹೇಳುತ್ತಾರೆ.

ಆಮೇಲೆ 2006ರಿಂದ 2022ರವರೆಗೆ ಸತತ 16 ಸೀಸನ್ ಕಿಂಗ್ಸ್ ಪ್ಲೇಆಫ್ ಮುಖ ನೋಡಲಿಲ್ಲ. ಎನ್‌ಬಿಎ ಚರಿತ್ರೆಯಲ್ಲಿ ಇನ್ನಾವ ತಂಡವೂ ಇಷ್ಟು ಕಾಲ ಹೊರಗಿದ್ದಿಲ್ಲ. ಈ ಚರಿತ್ರೆ ಗೊತ್ತಿದ್ದವರು ಮೂರು ಮ್ಯಾಚ್ ಸೋತ ಕೂಡಲೇ ಕೈ ಚೆಲ್ಲುವುದಿಲ್ಲ, ಮೂರು ಗೆದ್ದ ಕೂಡಲೇ ಹಾರಾಡುವುದೂ ಇಲ್ಲ.

2. ತಂಡ ಊರಿನಲ್ಲಿ ಉಳಿದಿದ್ದೇ ದೊಡ್ಡ ಗೆಲುವು

ಅಮೆರಿಕದಲ್ಲಿ ತಂಡಗಳು ಊರು ಬಿಡುವುದು ಹೊಸದೇನಲ್ಲ. 2011ರಲ್ಲಿ ಕಿಂಗ್ಸ್ ಅನಹೈಮ್‌ಗೆ ಹೊರಟು ನಿಂತಿತ್ತು. 2013ರಲ್ಲಿ ಸಿಯಾಟಲ್‌ನವರು ಕೊಳ್ಳಲು ಮುಂದೆ ಬಂದರು. ಅಂದಿನ ಮೇಯರ್ ಕೆವಿನ್ ಜಾನ್ಸನ್ ತಾವೇ ಎನ್‌ಬಿಎ ಆಟಗಾರರಾಗಿದ್ದವರು. ಅವರು ಮತ್ತು ಸಾವಿರಾರು ಅಭಿಮಾನಿಗಳು ಸೇರಿ ಹೋರಾಡಿದರು. ಕೊನೆಗೆ ತಂಡವನ್ನು ಸ್ಥಳಾಂತರಿಸುವ ಪ್ರಸ್ತಾಪವನ್ನು ಎನ್‌ಬಿಎ ಮಾಲೀಕರ ಮಂಡಳಿ 22–8 ಮತಗಳಿಂದ ತಿರಸ್ಕರಿಸಿತು. ತಂಡವನ್ನು ಕೊಂಡವರು ಮುಂಬೈಯಲ್ಲಿ ಹುಟ್ಟಿ ಸಾಫ್ಟ್‌ವೇರ್ ಉದ್ಯಮದಲ್ಲಿ ಬೆಳೆದ ವಿವೇಕ್ ರಣದಿವೆ ಮತ್ತು ಅವರ ಜೊತೆಗಾರರು. 2016ರಲ್ಲಿ ಊರಿನ ನಡುಮಧ್ಯೆ ಗೋಲ್ಡನ್ 1 ಸೆಂಟರ್ ತೆರೆಯಿತು. 2019ರ ಅಕ್ಟೋಬರಿನಲ್ಲಿ ಇದೇ ಕಿಂಗ್ಸ್ ಇಂಡಿಯಾನಾ ಪೇಸರ್ಸ್ ಜೊತೆ ಮುಂಬೈಗೆ ಹೋಗಿ ಎರಡು ಪ್ರೀಸೀಸನ್ ಮ್ಯಾಚ್ ಆಡಿತು. ಭಾರತದ ನೆಲದಲ್ಲಿ ನಡೆದ ಮೊದಲ ಎನ್‌ಬಿಎ ಮ್ಯಾಚುಗಳು ಅವು.

ಸೀಸನ್ ಕೆಟ್ಟಾಗ ಇದನ್ನು ನೆನಪಿಸಿಕೊಳ್ಳಬೇಕು. ಸಿಯಾಟಲ್‌ನ ಅಭಿಮಾನಿಗಳು 2008ರಲ್ಲಿ ತಮ್ಮ ಸೂಪರ್‌ಸಾನಿಕ್ಸ್ ತಂಡವನ್ನೇ ಕಳೆದುಕೊಂಡರು. ನಮಗೆ ಸೋಲಲಿಕ್ಕಾದರೂ ನಮ್ಮದೇ ತಂಡ ಉಳಿದಿದೆ.

3. ಸೋತವರಿಗೆಲ್ಲ ಡ್ರಾಫ್ಟ್ ಕೈ ಹಿಡಿಯುವುದಿಲ್ಲ

ಎನ್‌ಬಿಎಯಲ್ಲಿ ಐಪಿಎಲ್ ಥರ ಹರಾಜಿಲ್ಲ. ಹೊಸ ಹುಡುಗರನ್ನು ಡ್ರಾಫ್ಟ್ ಮೂಲಕ ಆರಿಸುತ್ತಾರೆ, ಹೆಚ್ಚು ಸೋತ ತಂಡಕ್ಕೆ ಮುಂಚೆ ಆರಿಸುವ ಅವಕಾಶ ಹೆಚ್ಚು. 2019ರಲ್ಲಿ ಬಂದ ನಿಯಮದಂತೆ ಅತಿ ಹೆಚ್ಚು ಸೋತ ಮೂರು ತಂಡಗಳಿಗೂ ಮೊದಲ ಆಯ್ಕೆ ಸಿಗುವ ಸಾಧ್ಯತೆ ತಲಾ ಶೇ 14. ಹಾಗಾಗಿ ಸೋತರೂ ಪರವಾಗಿಲ್ಲ, ಮುಂದೆ ಒಳ್ಳೆಯ ಹುಡುಗ ಸಿಗುತ್ತಾನೆ ಎಂಬ ಸಮಾಧಾನ ಎಲ್ಲ ಊರಿನಲ್ಲೂ ಇದೆ.

ಕಿಂಗ್ಸ್ ಚರಿತ್ರೆ ಆ ಸಮಾಧಾನವನ್ನು ಒಪ್ಪುವುದಿಲ್ಲ. 2018ರಲ್ಲಿ ಎರಡನೇ ಆಯ್ಕೆ ನಮ್ಮದಾಗಿತ್ತು. ತಂಡ ಮಾರ್ವಿನ್ ಬ್ಯಾಗ್ಲಿಯನ್ನು ಆರಿಸಿತು. ಮರುಕ್ಷಣವೇ ಮೂರನೆಯವರಾಗಿ ಲೂಕಾ ಡಾಂಚಿಚ್ ಹೋದರು. 2024ರಲ್ಲಿ ಅವರು ಡಾಲಸ್ ತಂಡವನ್ನು ಫೈನಲ್‌ಗೆ ಕರೆದುಕೊಂಡು ಹೋದರು. ಇನ್ನೊಂದು ಕಡೆ 2020ರಲ್ಲಿ 12ನೆಯವರಾಗಿ ಸಿಕ್ಕ ಟೈರೀಸ್ ಹ್ಯಾಲಿಬರ್ಟನ್ ಚಿನ್ನದಂಥ ಆಟಗಾರ. ಕೀಯಾನ್ ಎಲಿಸ್‌ರನ್ನಂತೂ ಡ್ರಾಫ್ಟಿನಲ್ಲಿ ಯಾರೂ ಆರಿಸಿರಲೇ ಇಲ್ಲ. ಆದರೂ ಕಿಂಗ್ಸ್‌ನಲ್ಲಿದ್ದಾಗ ಎದುರಾಳಿಯ ಅತಿ ಚುರುಕಿನ ಗಾರ್ಡನ್ನು ಕಟ್ಟಿಹಾಕಬೇಕು ಎಂದರೆ ಮೊದಲು ನೆನಪಾಗುತ್ತಿದ್ದುದು ಅವರೇ. ಎಷ್ಟನೇ ಆಯ್ಕೆ ಎನ್ನುವುದಕ್ಕಿಂತ ಯಾರು ಆರಿಸುತ್ತಿದ್ದಾರೆ, ಬಂದ ಹುಡುಗನನ್ನು ಯಾರು ಬೆಳೆಸುತ್ತಿದ್ದಾರೆ ಎನ್ನುವುದನ್ನು ನೋಡಿ ಆಸೆ ಇಟ್ಟುಕೊಳ್ಳಬೇಕು.

4. ಗೆದ್ದಾಗ ಯಾಕೆ ಗೆದ್ದರು ಎಂದು ಕೇಳಿ

2022–23ರ ಸೀಸನ್ ಈ ಊರಿನ ಹಬ್ಬ. 48 ಗೆಲುವು, ವೆಸ್ಟ್‌ನಲ್ಲಿ ಮೂರನೇ ಸ್ಥಾನ. ಕೋಚ್ ಮೈಕ್ ಬ್ರೌನ್‌ಗೆ ವರ್ಷದ ಕೋಚ್ ಪ್ರಶಸ್ತಿ, ಡಿಆರನ್ ಫಾಕ್ಸ್‌ಗೆ ಕೊನೆಯ ಗಳಿಗೆಯ ಆಟಕ್ಕಾಗಿ ಮೊಟ್ಟಮೊದಲ ಕ್ಲಚ್ ಪ್ರಶಸ್ತಿ. ಗೆದ್ದ ರಾತ್ರಿ ಕ್ರೀಡಾಂಗಣದ ಚಾವಣಿಯಿಂದ ನೇರಳೆ ಬಣ್ಣದ ಲೇಸರ್ ಬೆಳಕು ಆಕಾಶಕ್ಕೆ ಚಿಮ್ಮುತ್ತಿತ್ತು. "ಲೈಟ್ ದ ಬೀಮ್" ಎಂದು ಇಡೀ ಊರು ಕೂಗುತ್ತಿತ್ತು.

ಆ ಗೆಲುವುಗಳ ಗುಟ್ಟು ಒಂದು ಸರಳ ಆಟದಲ್ಲಿತ್ತು. ಡೊಮಾಂಟಸ್ ಸಬೋನಿಸ್ ತ್ರೀ ಪಾಯಿಂಟ್ ಗೆರೆಯ ಹತ್ತಿರ ಚೆಂಡು ಹಿಡಿದು ನಿಲ್ಲುತ್ತಿದ್ದರು. ಮೂಲೆಯಿಂದ ಕೆವಿನ್ ಹರ್ಟರ್ ಅವರ ಕಡೆಗೆ ಓಡಿ ಬಂದು, ಮೈಗೆ ಮೈ ಉಜ್ಜುವಷ್ಟು ಹತ್ತಿರದಲ್ಲಿ ಕೈಯಿಂದ ಕೈಗೆ ಚೆಂಡು ತೆಗೆದುಕೊಳ್ಳುತ್ತಿದ್ದರು. ಅದೇ ಕ್ಷಣದಲ್ಲಿ ಸಬೋನಿಸ್‌ರ ಅಗಲವಾದ ಭುಜ ಹಿಂದೆ ಬರುವ ಎದುರಾಳಿಗೆ ಗೋಡೆಯಾಗುತ್ತಿತ್ತು. ಅವನು ಒಂದು ಹೆಜ್ಜೆ ತಡ ಮಾಡಿದರೆ ಹರ್ಟರ್ ಅಲ್ಲಿಂದಲೇ ಮೂರು ಪಾಯಿಂಟ್ ಹೊಡೆಯುತ್ತಿದ್ದರು. ಮೊದಲೇ ಊಹಿಸಿ ಅಡ್ಡ ಹೋದರೆ ಹರ್ಟರ್ ಸರಕ್ಕನೆ ತಿರುಗಿ ಬುಟ್ಟಿಯ ಕಡೆ ಓಡುತ್ತಿದ್ದರು, ಚೆಂಡು ನೆಲಕ್ಕೆ ಪುಟಿದು ಅವರ ಕೈ ಸೇರುತ್ತಿತ್ತು. ಸಬೋನಿಸ್‌ರನ್ನು ಕಾಯುವವನು ಹರ್ಟರ್ ಕಡೆ ವಾಲಿದನೋ, ಸಬೋನಿಸ್ ತಾವೇ ಬುಟ್ಟಿಗೆ ನುಗ್ಗುತ್ತಿದ್ದರು. ಈ ಆಟ ನಡೆಯುತ್ತಿದ್ದುದು ಅಭ್ಯಾಸದ ಬಲದಿಂದ. ಆ ವರ್ಷ ಮೊದಲ ಐವರು ಹೆಚ್ಚೇನೂ ಗಾಯವಿಲ್ಲದೆ ಬಹುತೇಕ ಎಲ್ಲ ಮ್ಯಾಚುಗಳಲ್ಲೂ ಜೊತೆಯಾಗಿ ಆಡಿದ್ದರು.

ಮುಂದಿನ ವರ್ಷವೂ ಹೀಗೇ ಗೆಲ್ಲುತ್ತೇವೆ ಎನ್ನುವ ಮುಂಚೆ ಈ ಎರಡೂ ಇರುತ್ತವೆಯೇ ಎಂದು ನೋಡಬೇಕು: ಒಟ್ಟಿಗೆ ಆಡಿದ ಅಭ್ಯಾಸ, ಗಾಯವಿಲ್ಲದ ಮೈ.

5. ನಮ್ಮ ಗೆಲುವಿನ ಜೊತೆಗೆ ಪಕ್ಕದವರ ಗೆಲುವನ್ನೂ ಎಣಿಸಿ

2023–24ರಲ್ಲಿ ಕಿಂಗ್ಸ್ 46 ಮ್ಯಾಚ್ ಗೆದ್ದಿತು. ಹಿಂದಿನ ವರ್ಷಕ್ಕಿಂತ ಎರಡೇ ಕಡಿಮೆ. ಆದರೆ ಸ್ಥಾನ ಮೂರರಿಂದ ಒಂಬತ್ತಕ್ಕೆ ಇಳಿಯಿತು. ನಾವು ಕೆಟ್ಟಿದ್ದಕ್ಕಿಂತ ಹೆಚ್ಚಾಗಿ ವೆಸ್ಟ್‌ನ ಉಳಿದ ತಂಡಗಳು ಸುಧಾರಿಸಿದ್ದವು. ಸೀಸನ್ ಕೊನೆಯಲ್ಲಿ ಹರ್ಟರ್ ಮತ್ತು ಮಲಿಕ್ ಮಾಂಕ್ ಗಾಯಗೊಂಡು ಹೊರಗುಳಿದರು. ಪ್ಲೇ-ಇನ್‌ನಲ್ಲಿ ವಾರಿಯರ್ಸ್‌ನ್ನು 118–94ರಿಂದ ಬಗ್ಗುಬಡಿದು, ನ್ಯೂ ಆರ್ಲಿಯನ್ಸ್‌ನಲ್ಲಿ ಸೋತು ಮನೆಗೆ ಬಂದರು.

ವೆಸ್ಟ್‌ನ 15 ತಂಡಗಳಲ್ಲಿ ಮೊದಲ ಆರಕ್ಕೆ ನೇರ ಪ್ಲೇಆಫ್, ಏಳರಿಂದ ಹತ್ತರವರೆಗಿನವರು ಪ್ಲೇ-ಇನ್ ಆಡಿ ಉಳಿದ ಎರಡು ಜಾಗಕ್ಕೆ ಹೊಡೆದಾಡಬೇಕು. ಹಾಗಾಗಿ ಸೀಸನ್‌ಗೆ ಮುಂಚೆ ನಾನು ಎಲ್ಲ 15 ತಂಡಗಳ ಪಟ್ಟಿ ಮುಂದಿಟ್ಟುಕೊಳ್ಳುತ್ತೇನೆ. ನಮಗಿಂತ ಖಂಡಿತ ಬಲವಾದವರು ಯಾರು, ಸರಿಸಮ ಯಾರು, ನಮಗಿಂತ ಹಿಂದೆ ಯಾರು ಎಂದು ಬರೆಯುತ್ತೇನೆ. ನಮ್ಮ ಆಸೆ ಎಷ್ಟು ದೊಡ್ಡದಿರಬಹುದು ಎಂದು ಆ ಪಟ್ಟಿಯೇ ಹೇಳುತ್ತದೆ.

6. ಪ್ರೀಸೀಸನ್‌ನಲ್ಲಿ ಸ್ಕೋರ್ ಬಿಟ್ಟು ಕಾಲು ನೋಡಿ

ಅಕ್ಟೋಬರಿನ ಪ್ರೀಸೀಸನ್ ಮ್ಯಾಚುಗಳ ಫಲಿತಾಂಶ ಎಲ್ಲೂ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಅಲ್ಲಿ ನೋಡುವಂಥದ್ದು ಬಹಳ ಇದೆ. ಚೆಂಡು ಕಳೆದುಕೊಂಡ ಕ್ಷಣ ಎಷ್ಟು ಜನ ತಿರುಗಿ ಓಡುತ್ತಾರೆ? ಶಾಟ್ ತಪ್ಪಿದಾಗ ಎಷ್ಟು ಜನ ಎದುರಾಳಿಗೆ ಮೈ ಒಡ್ಡಿ ರೀಬೌಂಡ್‌ಗೆ ಜಾಗ ಹಿಡಿಯುತ್ತಾರೆ? ಒಬ್ಬನನ್ನು ದಾಟಿ ಎದುರಾಳಿ ಒಳಗೆ ಬಂದರೆ ಎರಡನೆಯವನು ಹೊತ್ತಿಗೆ ಸರಿಯಾಗಿ ಬರುತ್ತಾನೆಯೇ?

2023ರಲ್ಲಿ ಲೀಗಿನಲ್ಲೇ ಅತ್ಯುತ್ತಮ ಆಕ್ರಮಣ ನಮ್ಮದಾಗಿತ್ತು, ಡಿಫೆನ್ಸ್ ಮಾತ್ರ ಕೊನೆಯ ಸಾಲಿನವರ ಜೊತೆ. ಪ್ಲೇಆಫ್‌ನ ಏಳನೇ ಮ್ಯಾಚಿನಲ್ಲಿ ವಾರಿಯರ್ಸ್‌ನ ಸ್ಟೀಫನ್ ಕರಿ ನಮ್ಮ ನೆಲದಲ್ಲೇ 50 ಪಾಯಿಂಟ್ ಹೊಡೆದಾಗ ಅದರ ಬೆಲೆ ತೆರಬೇಕಾಯಿತು. ಶಾಟ್ ಒಂದು ದಿನ ಬೀಳುತ್ತದೆ, ಒಂದು ದಿನ ಬೀಳುವುದಿಲ್ಲ. ಹಿಂದಕ್ಕೆ ಓಡುವ ಕಾಲಿಗೆ ಅಂಥ ನೆಪವಿಲ್ಲ. ಪ್ರೀಸೀಸನ್‌ನಲ್ಲಿ ಓಡದವರು ಜನವರಿಯಲ್ಲಿ ಓಡುವುದಿಲ್ಲ.

7. "ಈ ಸಲ ಕಪ್ ನಮ್ದೇ" ಅನ್ನುವುದಕ್ಕೂ ಹೊತ್ತಿದೆ

ಕನ್ನಡದ ಮನೆಗಳಲ್ಲಿ ಅಭಿಮಾನ ಎಂದರೆ ಮೊದಲು ಆರ್‌ಸಿಬಿ. 2009, 2011, 2016ರ ಫೈನಲ್‌ಗಳಲ್ಲಿ ಸೋತರೂ ಜನ ಆ ಮಾತು ಬಿಡಲಿಲ್ಲ. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬ್ ಕಿಂಗ್ಸ್‌ನ್ನು 6 ರನ್‌ಗಳಿಂದ ಸೋಲಿಸಿ 18ನೇ ಸೀಸನ್‌ನಲ್ಲಿ ಕಪ್ ಎತ್ತಿದಾಗ ಇಲ್ಲಿ ಇನ್ನೂ ಬೆಳಗಿನ ಹೊತ್ತು. ಕೆಲಸ ಪಕ್ಕಕ್ಕಿಟ್ಟು ನೋಡಿದವರ ಕಣ್ಣು ಒದ್ದೆಯಾಗಿತ್ತು. ಮರುದಿನ ಚಿನ್ನಸ್ವಾಮಿಯ ಹೊರಗೆ ನೂಕುನುಗ್ಗಲಿನಲ್ಲಿ 11 ಜೀವ ಹೋದ ಸುದ್ದಿ ಆ ಸಂತೋಷವನ್ನೆಲ್ಲ ನುಂಗಿತು.

ಆ ಕಾಯುವಿಕೆಯಿಂದ ತಾಳ್ಮೆ ಕಲಿಯಬೇಕು, ಆದರೆ ಆ ಘೋಷಣೆಯನ್ನು ಹಾಗೇ ಇಲ್ಲಿಗೆ ತರಲಾಗದು. ಐಪಿಎಲ್ 10 ತಂಡಗಳ, ಎರಡು ತಿಂಗಳ ಟೂರ್ನಿ. ಅಲ್ಲಿ ಒಂದು ಒಳ್ಳೆಯ ತಿಂಗಳು ಹಣೆಬರಹ ಬದಲಿಸಬಹುದು. ಎನ್‌ಬಿಎಯಲ್ಲಿ 82 ಮ್ಯಾಚ್, ಆಮೇಲೆ ಏಳು ಮ್ಯಾಚುಗಳ ನಾಲ್ಕು ಸರಣಿ. ಇಲ್ಲಿ ಆಸೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಇಡಬೇಕು: ಮೊದಲು ಗೆಲುವು ಸೋಲಿಗಿಂತ ಹೆಚ್ಚಾಗಲಿ, ಆಮೇಲೆ ಪ್ಲೇ-ಇನ್, ಆಮೇಲೆ ಮೊದಲ ಆರು.

8. ಆಸೆಗೆ ಕಾರಣಗಳನ್ನು ಬರೆದಿಡಿ

2024–25ರ ಸೀಸನ್ ಕಷ್ಟದ್ದು. ಡಿಸೆಂಬರಿನಲ್ಲಿ ಮೈಕ್ ಬ್ರೌನ್‌ರನ್ನು ತೆಗೆದರು, ಫೆಬ್ರುವರಿಯಲ್ಲಿ ಫಾಕ್ಸ್ ಸ್ಯಾನ್ ಆಂಟೊನಿಯೊಗೆ ಹೋದರು, ಜ್ಯಾಕ್ ಲವೀನ್ ಬಂದರು. 40 ಗೆಲುವು, 42 ಸೋಲು. ಪ್ಲೇ-ಇನ್‌ನ ಮೊದಲ ಮ್ಯಾಚಿನಲ್ಲೇ ಡಾಲಸ್ ಎದುರು ಮನೆಯಂಗಳದಲ್ಲಿ ಸೋಲು.

ಆದರೂ 2025–26ರ ಸೀಸನ್‌ಗೆ ಮುಂಚೆ ನನ್ನ ಪಟ್ಟಿಯಲ್ಲಿ ಕಾರಣಗಳಿದ್ದವು. ಕೋಚ್ ಡಗ್ ಕ್ರಿಸ್ಟಿ 2002ರ ತಂಡದ ಡಿಫೆನ್ಸ್‌ನ ಬೆನ್ನೆಲುಬಾಗಿದ್ದವರು, ಈ ಊರನ್ನು ಒಳಗಿನಿಂದ ಬಲ್ಲವರು. ಹೊಸ ಜನರಲ್ ಮ್ಯಾನೇಜರ್ ಸ್ಕಾಟ್ ಪೆರಿ ಪಾಯಿಂಟ್ ಗಾರ್ಡ್ ಕೊರತೆ ತುಂಬಲು ಡೆನಿಸ್ ಶ್ರೂಡರ್‌ರನ್ನು ತಂದಿದ್ದರು. 2025ರ ಸೆಪ್ಟೆಂಬರಿನಲ್ಲಿ ಜರ್ಮನಿಗೆ ಯೂರೋಬ್ಯಾಸ್ಕೆಟ್ ಕಪ್ ಗೆದ್ದುಕೊಟ್ಟು ಟೂರ್ನಿಯ ಶ್ರೇಷ್ಠ ಆಟಗಾರ ಎನಿಸಿಕೊಂಡವರು ಅವರು. ಸಬೋನಿಸ್ ಇನ್ನೂ ಲೀಗಿನ ಅಗ್ರ ರೀಬೌಂಡರ್‌ಗಳಲ್ಲಿ ಒಬ್ಬರಾಗಿದ್ದರು. ಚೊಚ್ಚಲ ಸೀಸನ್‌ನಲ್ಲೇ 206 ತ್ರೀ ಪಾಯಿಂಟರ್ ಹೊಡೆದು ಹೊಸಬರ ದಾಖಲೆ ಬರೆದ ಕೀಗನ್ ಮರ್ರಿ ಇದ್ದರು. ಡ್ರಾಫ್ಟಿನಲ್ಲಿ 24ನೆಯವರಾಗಿ ಬಂದ ನೀಕ್ ಕ್ಲಿಫರ್ಡ್, ಪಕ್ಕದ ಸ್ಟ್ಯಾನ್‌ಫರ್ಡಿನಿಂದ 42ನೆಯವರಾಗಿ ಬಂದ ಮ್ಯಾಕ್ಸಿಮ್ ರೇನೊ ಇಬ್ಬರೂ ಕಾಲೇಜಿನಲ್ಲಿ ಚೆನ್ನಾಗಿ ಪಳಗಿದವರು.

ಭಯಕ್ಕೂ ಕಾರಣಗಳಿದ್ದವು. ಲವೀನ್ ಮತ್ತು ಡಿಮಾರ್ ಡಿರೋಜನ್ ಇಬ್ಬರೂ ಚೆಂಡು ಕೈಯಲ್ಲಿದ್ದಾಗಲೇ ಬೆಳಗುವವರು. ಇಬ್ಬರೂ ಒಟ್ಟಿಗೆ ಅಂಕಣದಲ್ಲಿದ್ದಾಗ ಡಿಫೆನ್ಸ್ ಉಳಿಯುವುದೇ ಎಂಬುದು ನನ್ನ ದೊಡ್ಡ ಚಿಂತೆಯಾಗಿತ್ತು. ಅದನ್ನೂ ಬರೆದಿಟ್ಟಿದ್ದೆ. ಎಲ್ಲ ಕೂಡಿ ಕಳೆದರೆ, ಪ್ಲೇ-ಇನ್ ಒಳಗಿರುವ ತಂಡಕ್ಕಾಗಿ ಆಸೆ ಪಡುವುದು ನ್ಯಾಯವಾಗಿತ್ತು. ಅದಕ್ಕಿಂತ ಮೇಲೆ ಹೋದರೆ ಅದು ಆಟಗಾರರ ಸಂಪಾದನೆ.

9. ಅಭಿಮಾನಕ್ಕೆ ಕಾರಣ ಕೇಳಬೇಡಿ

ಆಸೆಗೆ ಕಾರಣ ಬೇಕು, ಅಭಿಮಾನಕ್ಕೆ ಬೇಡ. ಲೇಕರ್ಸ್ ಕೋಚ್ ಫಿಲ್ ಜ್ಯಾಕ್ಸನ್ ಹಿಂದೊಮ್ಮೆ ಈ ಊರನ್ನು ದನಗಳ ಊರು ಎಂದು ಹಂಗಿಸಿದಾಗ ಇಲ್ಲಿಯ ಜನ ಹಸುವಿನ ಕೊರಳ ಗಂಟೆ ತಂದು ಕ್ರೀಡಾಂಗಣವೇ ಅದುರುವಂತೆ ಬಾರಿಸಿದರು. 16 ವರ್ಷ ಪ್ಲೇಆಫ್ ಇಲ್ಲದಾಗಲೂ ಬಂದು ಕೂತವರು ಅವರೇ, ತಂಡವನ್ನು ಊರಿನಲ್ಲಿ ಉಳಿಸಿಕೊಂಡವರೂ ಅವರೇ. ಬೇರೆ ಊರಿನಿಂದ ಬಂದು ಇಲ್ಲಿ ಮನೆ ಮಾಡಿದ ನಮಗೆ ಈ ಊರಿನವರಾಗಲು ಇದಕ್ಕಿಂತ ನೇರ ದಾರಿ ನನಗೆ ಕಂಡಿಲ್ಲ. ಪಕ್ಕದ ಸೀಟಿನವರ ಹೆಸರು ಗೊತ್ತಿಲ್ಲದಿದ್ದರೂ ಚೆಂಡು ಬುಟ್ಟಿಗೆ ಬಿದ್ದಾಗ ಕೈ ತಟ್ಟಿಕೊಳ್ಳುತ್ತೇವೆ.

ಆದ್ದರಿಂದ ಕಿಂಗ್ಸ್ ಗೆದ್ದ ಮೇಲೆ ನೋಡೋಣ ಎಂದು ಕಾಯಬೇಡಿ. ವಾರದ ನಡುವಿನ ಒಂದು ಮ್ಯಾಚಿಗೆ ಮೇಲಿನ ಸಾಲಿನ ಟಿಕೆಟ್ ತೆಗೆದುಕೊಳ್ಳಿ, ಮಕ್ಕಳನ್ನೂ ಕರೆದುಕೊಂಡು ಹೋಗಿ, ಸಬೋನಿಸ್ ಚೆಂಡು ದಾಟಿಸುವುದನ್ನು ಅವರಿಗೆ ತೋರಿಸಿ. ಪ್ಲೇಆಫ್ ಬಂದರೆ ಏಪ್ರಿಲ್‌ನಲ್ಲಿ ಎಲ್ಲರೂ ಬರುತ್ತಾರೆ. ತಂಡಕ್ಕೆ ಜನ ಬೇಕಾಗಿರುವುದು ನವೆಂಬರಿನಲ್ಲಿ.