ಸ್ವಿಚ್ ಆರಿಸಿದರೆ ಸಾಲದು, ಮಗಾ

ಹ್ಯಾಮ್ ರೇಡಿಯೋ ಪರೀಕ್ಷೆ ಪಾಸಾಗಿ, ವಿಯು3 ಎಂದು ಶುರುವಾಗುವ ಕಾಲ್‌ಸೈನ್ ಬಂದಾಗಿನಿಂದ ನಿನ್ನ ಕಾಲು ನೆಲದ ಮೇಲಿಲ್ಲ. ಇರಲಿ, ನನಗೂ ಹೆಮ್ಮೆಯೇ. ಆದರೆ ಮೊನ್ನೆ ಮೋಡ ಕಪ್ಪಿಟ್ಟು ಗುಡುಗುತ್ತಿದ್ದರೂ ಮೈಕ್ ಕೆಳಗಿಡದೆ "ಇನ್ನೊಂದೇ ಸ್ಟೇಷನ್, ಅಜ್ಜ" ಎಂದೆಯಲ್ಲ, ಅದು ನನಗೆ ಹಿಡಿಸಲಿಲ್ಲ. ಮುಖ ಊದಿಸಿಕೊಳ್ಳಬೇಡ ಮಾರಾಯ, ಕೇಳು.

ಗುಡುಗು ಕಿವಿಗೆ ಬೀಳುವ ಮೊದಲೇ ನಿನ್ನ ರೇಡಿಯೋ ಸುದ್ದಿ ಹೇಳುತ್ತದೆ. 40 ಮೀಟರ್ ಬ್ಯಾಂಡಿನಲ್ಲಿ ಮಾತಿನ ನಡುವೆ ಚಟ್ ಚಟ್ ಎಂದು ಶುರುವಾಗಿ, ಬರಬರುತ್ತ ಜೋರಾದರೆ ಮಳೆ ಇತ್ತ ಬರುತ್ತಿದೆ ಎಂದೇ ತಿಳಿ. ಏಳಬೇಕಾದ ಹೊತ್ತು ಅದು. ಮಿಂಚು ಕಂಡು ಮೂರು ಸೆಕೆಂಡಿಗೆ ಗುಡುಗಿದರೆ ಸಿಡಿಲು ಸುಮಾರು ಒಂದು ಕಿಲೋಮೀಟರ್ ದೂರ. 30 ಎಣಿಸುವುದರೊಳಗೆ ಗುಡುಗಿತೋ, ಹತ್ತು ಕಿಲೋಮೀಟರಿನೊಳಗೇ ಬಂತು. ಆಮೇಲೆ ಯಾವ ತಂತಿಯನ್ನೂ ಮುಟ್ಟಬೇಡ. ಸೆಟ್ ಹೋದರೆ ಇನ್ನೊಂದು ತರೋಣ.

ಸ್ವಿಚ್ ಆರಿಸಿದೆ ಎಂದು ನೆಮ್ಮದಿಯಾಗಿ ಕೂರುತ್ತೀಯಲ್ಲ, ಆ ಸ್ವಿಚ್ಚಿನೊಳಗೆ ಬಿಡುವ ಸಂದು ಕೆಲವೇ ಮಿಲಿಮೀಟರ್. ಕಿಲೋಮೀಟರುಗಟ್ಟಲೆ ಗಾಳಿ ಸೀಳಿಕೊಂಡು ಬಂದ ಸಿಡಿಲಿಗೆ ಅದು ಯಾವ ಲೆಕ್ಕ? ಅದೂ ಸ್ವಿಚ್ ಕಡಿಯುವುದು ಫೇಸ್ ಒಂದನ್ನೇ, ನ್ಯೂಟ್ರಲ್ ಹಾಗೇ ಇರುತ್ತದೆ. ಪ್ಲಗ್ ಕಿತ್ತಿಡು. ಸಿಡಿಲು ನಮ್ಮ ಮಾಡಿಗೇ ಬೀಳಬೇಕೆಂದಿಲ್ಲ. ದೂರದ ಕಂಬಕ್ಕೆ ಬಡಿದದ್ದೂ ಲೈನು ಹಿಡಿದು ಮನೆಯೊಳಗೆ ಬರುತ್ತದೆ.

ನಿಮ್ಮಮ್ಮ ಟಿವಿ ಪ್ಲಗ್ ತೆಗೆಯುತ್ತಾಳೆ, ಡಿಶ್ ಕೇಬಲ್ ಮರೆಯುತ್ತಾಳೆ. ಸಿಡಿಲು ಆ ಕೇಬಲ್ ಹಿಡಿದು ಸೆಟ್‌ಟಾಪ್ ಬಾಕ್ಸ್ ಹೊಕ್ಕು ಎಚ್‌ಡಿಎಂಐ ವೈರಿನಲ್ಲಿ ಟಿವಿಗೇ ಇಳಿಯುತ್ತದೆ. ಅಂಗಡಿಯವನು ಕೊಟ್ಟ ಸ್ಪೈಕ್ ಗಾರ್ಡ್ ನೆಚ್ಚಿಕೊಳ್ಳಬೇಡ. ಅದರೊಳಗೆ ಹೊಡೆತ ತಡೆಯುವ ಬಿಲ್ಲೆ ಪ್ರತಿ ಸಲವೂ ಸವೆಯುತ್ತದೆ. ಅರ್ಥಿಂಗ್ ಸರಿಯಿಲ್ಲದ ಮನೆಯಲ್ಲಿ ಅದನ್ನು ಎಕ್ಸ್‌ಟೆನ್ಷನ್ ಬೋರ್ಡ್ ಎಂದುಕೊಂಡರೆ ಸಾಕು.

ಈಗ ನಿನ್ನ ಆಂಟೆನಾ ವಿಷಯ. ಕೇಬಲನ್ನು ಸೆಟ್ಟಿನಿಂದ ಬಿಚ್ಚಿ, ತುದಿಯನ್ನು ಅದೇ ಮೇಜಿನ ಮೇಲೆ ಮಲಗಿಸುತ್ತೀಯ. ಸೆಟ್ಟಿನಿಂದ ದೂರವಾಯಿತು ಸರಿ, ಮನೆಯೊಳಗೇ ಉಳಿಯಿತಲ್ಲ! 1753ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ರಿಚ್‌ಮನ್ ಎಂಬ ವಿಜ್ಞಾನಿ ಮಾಡಿನ ಮೇಲಿನ ಕಂಬಿಯಿಂದ ತಂತಿಯೊಂದನ್ನು ಕೋಣೆಗೆ ತಂದು, ನೆಲಕ್ಕೆ ಸೇರಿಸದೆ ಹಾಗೇ ಬಿಟ್ಟಿದ್ದರು. ಮೋಡದ ವಿದ್ಯುತ್ತನ್ನು ಅಳೆಯುವ ಆಸೆ ಅವರದು. ಹತ್ತಿರ ನಿಂತು ನೋಡುತ್ತಿದ್ದಾಗಲೇ ಸಿಡಿಲು ಬಡಿದು ಪ್ರಾಣ ಹೋಯಿತು. ನೀನು ಕೇಬಲನ್ನು ಕಿಟಕಿಯ ಹೊರಗೇ ಬಿಚ್ಚುವಂತೆ ಮಾಡಿಕೋ. ಗೋಡೆಯ ಹೊರಮೈಗೊಂದು ತಗಡು ಕೂರಿಸಿ, ಅದಕ್ಕೆ ಸಿಡಿಲಿನ ಅರೆಸ್ಟರ್ ಹಾಕಿ, ಅಲ್ಲಿಂದ ದಪ್ಪ ತಾಮ್ರದ ತಂತಿಯನ್ನು ಸುತ್ತಿಸದೆ ಬಾಗಿಸದೆ ನೇರ ನೆಲಕ್ಕಿಳಿಸು. ಆ ಅರ್ಥಿಂಗನ್ನು ಮನೆಯ ಅರ್ಥಿಂಗಿಗೂ ಜೋಡಿಸಬೇಕು. ಬೇರೆಬೇರೆ ಬಿಟ್ಟರೆ ಸಿಡಿಲು ಹೊಡೆದಾಗ ಎರಡರ ನಡುವೆ ವೋಲ್ಟೇಜ್ ಏರುಪೇರಾಗಿ, ಕರೆಂಟು ನಿನ್ನ ಸೆಟ್ಟಿನ ಮೂಲಕವೇ ದಾರಿ ಮಾಡಿಕೊಳ್ಳುತ್ತದೆ. ಇಷ್ಟು ಮಾಡಿದರೂ ನೇರ ಬಡಿದ ಸಿಡಿಲಿಗೆ ಖಾತ್ರಿ ಇಲ್ಲ. ಅದಕ್ಕೇ ಬಿಚ್ಚುವ ಕೆಲಸ ತಪ್ಪುವುದಿಲ್ಲ.

ನಮ್ಮ ಕಡೆ ಸಿಡಿಲಿನ ಕಾಟ ಜೋರು ಏಪ್ರಿಲ್-ಮೇ ತಿಂಗಳಲ್ಲಿ, ಆಮೇಲೆ ಹಿಂಗಾರಿಗೆ. ಏಪ್ರಿಲ್ ಹೊತ್ತಿಗೆ ನೆಲ ಒಣಗಿ ಬಿರುಕು ಬಿಟ್ಟಿರುತ್ತದೆ, ಇದ್ದಿಲು-ಉಪ್ಪು ತುಂಬಿದ ಅರ್ಥಿಂಗ್ ಗುಂಡಿಯೂ ಒಣಗಿರುತ್ತದೆ. ವಾರಕ್ಕೊಮ್ಮೆ ನೀರು ಹೊಯ್ಯಿ.

ಸಿಡಿಲು ನೀನು ಎಚ್ಚರ ಇರುವಾಗಲೇ ಬರುತ್ತದೆಂದಿಲ್ಲ. ಪೇಟೆಗೆ ಹೊರಟಾಗ, ರಾತ್ರಿ ಮಲಗುವಾಗ, ಆಕಾಶ ತಿಳಿಯಾಗಿದ್ದರೂ ಎಲ್ಲ ಬಿಚ್ಚಿಟ್ಟೇ ಏಳು. ಮಳೆ ನಿಂತಿತೆಂದು ಓಡಿ ಬಂದು ಸಿಕ್ಕಿಸಲೂ ಬೇಡ. ಕೊನೆಯ ಗುಡುಗಾಗಿ ಅರ್ಧ ಗಂಟೆ ಕಳೆಯಲಿ, ಕರೆಂಟು ಬಂದು ಸ್ವಲ್ಪ ಹೊತ್ತು ನಿಲ್ಲಲಿ.

ಭರಣಿ ಮಳೆ ಹತ್ತಿರ ಬಂತು. ಅರ್ಥಿಂಗ್ ಪೈಪಿನ ಬೋಲ್ಟು ತುಕ್ಕು ಹಿಡಿದಿದೆ, ಸ್ಪ್ಯಾನರ್ ತೆಗೆದಿಟ್ಟಿದ್ದೇನೆ. ಈ ಭಾನುವಾರ ಸ್ಟೇಷನ್ ಹಚ್ಚುವ ಮೊದಲು ಅದನ್ನು ಬಿಚ್ಚಿ ಉಜ್ಜಿ ಬಿಗಿ ಮಾಡು.