ಗವಾಯಿಗೊಂದು ಪಾಲು, ತಬಲಾಕ್ಕೊಂದು ಪಾಲು

ನಾನು ಹಾಡುವವನು, ಪೇಟಿ ನುಡಿಸುವವನು. ಜೊತೆಗಿರುವ ಅಣ್ಣ ತಬಲಾ ನುಡಿಸುತ್ತಾರೆ. ಒಡಹುಟ್ಟಿದ ಅಣ್ಣನಲ್ಲ, ಆದರೆ ನನ್ನನ್ನು ಕರೆಯುವುದು ‘ತಮ್ಮಾ’ ಎಂದೇ. ಶಹಾಬಾದ್ ಪಕ್ಕದ ಭಂಕೂರಿನ ನಾವಿಬ್ಬರೂ ಸೇಡಂ, ಚಿತ್ತಾಪುರ, ವಾಡಿ, ಚಿಂಚೋಳಿ ಕಡೆಯ ಮಠ, ಗುಡಿ, ಮನೆಗಳಲ್ಲಿ ಹಾಡಿ, ನುಡಿಸಿ ಬದುಕು ನಡೆಸಿದ್ದೇವೆ. ನಮಗೆ ಪಗಾರದ ನೌಕರಿ ಇಲ್ಲ, ಹಿಂದೆ ದೊಡ್ಡ ಸಂಸ್ಥೆಯೂ ಇಲ್ಲ. ಇಷ್ಟು ವರ್ಷ ಜೋಡಿ ಒಡೆಯದೆ ಉಳಿದದ್ದು ಹೇಗೆ ಎಂದು ಕೇಳುವವರಿಗೆ ನಾನು ರಾಗ, ತಾಳದ ಮಾತು ಹೇಳುವುದಿಲ್ಲ. ರೊಕ್ಕ ಹಂಚಿಕೊಳ್ಳುವ ಮಾತು ಹೇಳುತ್ತೇನೆ.

ನಮ್ಮ ವರ್ಷ ಶುರುವಾಗುವುದು ಶ್ರಾವಣಕ್ಕೆ. ಊರೂರ ಮಠಗಳಲ್ಲಿ ತಿಂಗಳುಗಟ್ಟಲೆ ಪುರಾಣ ನಡೆಯುತ್ತದೆ. ಒಂದೂರಲ್ಲಿ ಶರಣಬಸವೇಶ್ವರ ಪುರಾಣ, ಇನ್ನೊಂದೂರಲ್ಲಿ ದಾನಮ್ಮನ ಪುರಾಣ. ಶಾಸ್ತ್ರಿಗಳು ಕಥೆ ಹೇಳಿದರೆ ನಡುನಡುವೆ ವಚನ, ತತ್ವಪದ ಹಾಡುವುದು ನಮ್ಮ ಕೆಲಸ. ತೊಟ್ಟಿಲ ದಿನ ಹೆಣ್ಣುಮಕ್ಕಳು ಜೋಗುಳಕ್ಕೆ ಕೂಡುತ್ತಾರೆ, ಆಯೇರಿ ಬರುತ್ತದೆ. ಕೊನೆಗೆ ಮಂಗಲ, ಬೀಳ್ಕೊಡುವಾಗ ಕೊಡುವ ಬಿದಾಗಿ. ಆಮೇಲೆ ದಸರೆಯ ಒಂಬತ್ತು ದಿನ, ಶಿವರಾತ್ರಿಯ ಜಾಗರಣೆ, ಹೋಳಿ ಹುಣ್ಣಿಮೆಯ ಬೆನ್ನಿಗೇ ಕಲಬುರಗಿ ಶರಣಬಸವೇಶ್ವರ ಜಾತ್ರೆ. ಯಾರಾದರೂ ತೀರಿಕೊಂಡ ಮನೆಯಲ್ಲಿ ರಾತ್ರಿಯಿಡೀ ಭಜನೆ ಮಾಡಿದ್ದೂ ಉಂಟು, ಅಲ್ಲಿ ನಾವು ಲೆಕ್ಕ ಕೇಳುವುದಿಲ್ಲ. ತೊಗರಿ ರಾಶಿಯಾಗಿ ಪೇಟೆಗೆ ಹೋದ ಮೇಲೆ ಹಳ್ಳಿಯ ಕೈಯಲ್ಲಿ ರೊಕ್ಕ ಓಡಾಡುತ್ತದೆ, ನಮ್ಮ ಕೈಗೂ ಆಗಲೇ. ಹೀಗಾಗಿ ನಮ್ಮ ಬದುಕಿಗೂ ತೊಗರಿಗೂ ಮಳೆ ಒಂದೇ.

ಎರಡು ಲಕೋಟೆಯ ಪದ್ಧತಿ ನಾನು ಈ ಕಸುಬಿಗೆ ಬರುವ ಮೊದಲೇ ಇತ್ತು. ಮಂಗಲದ ದಿನ ದಪ್ಪನೆಯ ಲಕೋಟೆ ಗವಾಯಿಗೆ, ತೆಳ್ಳನೆಯದು ತಬಲಾದವರಿಗೆ. ಕೊಡುವವರ ಮನಸ್ಸಿನಲ್ಲಿ ಕೆಟ್ಟದ್ದಿಲ್ಲ. ಹಾಡಿನ ಮಾತು ಕಿವಿಗೆ ಬೀಳುತ್ತದೆ, ಠೇಕಾ ಹಾಡಿನೊಳಗೇ ಕರಗಿಹೋಗುತ್ತದೆ, ಅದಕ್ಕೇ ಹಾಗೆ. ಆದರೆ ಪಕ್ಕದಲ್ಲಿ ಕೂತ ನನಗೆ ಗೊತ್ತು. ನಾನು ಪೇಟಿಯ ಕರಿ ಒಂದರ ಶ್ರುತಿಯಲ್ಲಿ ಹಾಡುತ್ತೇನೆ. ಶ್ರಾವಣದ ಜಿಟಿಜಿಟಿ ಮಳೆಗೆ ಚರ್ಮ ಹಸಿ ಹಿಡಿದು ಸಡಿಲಾಗುತ್ತದೆ, ಒಂದು ಪದ ಮುಗಿಯುವುದರೊಳಗೆ ತಬಲಾದ ಸ್ವರ ಇಳಿದಿರುತ್ತದೆ. ಶಾಸ್ತ್ರಿಗಳು ಮಾತಾಡುವಾಗ ಸುತ್ತಿಗೆ ಎತ್ತುವ ಹಾಗಿಲ್ಲ. ಅಣ್ಣ ಬೆರಳ ತುದಿಯಿಂದ ಅಂಚಿನ ಚಾಟಿ ಮುಟ್ಟಿ, ಕಿವಿ ಬಗ್ಗಿಸಿ, ಯಾವ ಮರದ ಗಟ್ಟಾ ಸಡಿಲಾಗಿದೆ ಎಂದು ಹಿಡಿದಿಟ್ಟುಕೊಂಡಿರುತ್ತಾರೆ. ಜನ ‘ಹರಹರ ಮಹಾದೇವ’ ಎಂದು ಕೂಗಿದ ಆ ಗದ್ದಲದಲ್ಲಿ ಎರಡೇ ಏಟು. ಮುಂದಿನ ಪದಕ್ಕೆ ನಾನು ಷಡ್ಜ ಹಿಡಿಯುವಾಗ ತಬಲಾ ಅಲ್ಲಿ ಬಂದು ಕೂತಿರುತ್ತದೆ. ಬ್ಯಾಸಗಿಯಲ್ಲಿ ಇದರ ಉಲ್ಟಾ, ವಾಡಿಯ ಸೆಕೆಗೆ ಚರ್ಮ ಬಿಗಿದು ಸ್ವರ ಏರುತ್ತದೆ, ಗಟ್ಟಾ ಮೇಲಕ್ಕೆ ಎಬ್ಬಿಸಬೇಕು.

ಖರ್ಚೂ ಹಾಗೆಯೇ. ನನ್ನ ಪೇಟಿಯ ರೀಡು ಜೋಪಾನ ಮಾಡಿದರೆ ವರ್ಷಗಟ್ಟಲೆ ಬಾಳುತ್ತವೆ, ಧೂಳು ಕೂತಾಗ ಬಿಚ್ಚಿ ಒರೆಸಿದರೆ ಸಾಕು. ತಬಲಾದ ಮೇಲಿನ ಕರಿ ಶಾಯಿ ಎದ್ದಿತೆಂದರೆ ಪುಡಿಯನ್ನೇ, ಅಂದರೆ ಇಡೀ ಚರ್ಮದ ಹೊದಿಕೆಯನ್ನೇ ಬದಲಿಸಬೇಕು. ತೆಳ್ಳನೆಯ ಲಕೋಟೆಯವರಿಗೇ ಖರ್ಚು ಹೆಚ್ಚು! ಇದನ್ನು ನೋಡಿಕೊಂಡು ಸುಮ್ಮನಿರಲು ನನ್ನಿಂದ ಆಗಲಿಲ್ಲ. ಹಾಗಾಗಿ ಬಂದದ್ದನ್ನೆಲ್ಲ ಒಂದೇ ಕಡೆ ಸುರಿದು ಮೂರು ಪಾಲು ಮಾಡುತ್ತೇವೆ: ನನಗೊಂದು, ಅಣ್ಣನಿಗೊಂದು, ವಾದ್ಯಕ್ಕೊಂದು. ಆಯೇರಿಯಲ್ಲಿ ಬಂದ ಬಿಡಿ ನೋಟೂ ಅದಕ್ಕೇ ಸೇರುತ್ತದೆ. ವಾದ್ಯದ ಪಾಲಿನಲ್ಲಿ ಪುಡಿ, ರೀಡು, ರೈಲಿನ ಟಿಕೆಟು, ಕೆಲಸವಿಲ್ಲದ ತಿಂಗಳು ಇಬ್ಬರ ಮನೆಯ ಸಂತೆ. ಶಹಾಬಾದಿನಿಂದ ವಾಡಿಗೆ ಹೋಗಿ ಅಲ್ಲಿ ಸಿಕಂದರಾಬಾದ್ ದಾರಿಯ ಗಾಡಿ ಹಿಡಿದರೆ ಚಿತ್ತಾಪುರ, ಮಳಖೇಡ ರೋಡ್, ಸೇಡಂ ಸಿಗುತ್ತವೆ. ಚಿಂಚೋಳಿಗೆ ರೈಲಿಲ್ಲ, ಡಗ್ಗಾ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲೇ ಹೋಗಬೇಕು. ದಾರಿಖರ್ಚನ್ನು ಮೊದಲೇ ಮಾತಾಡದಿದ್ದರೆ ಬಿದಾಗಿಯಲ್ಲಿ ಅದೇ ಅರ್ಧ ತಿನ್ನುತ್ತದೆ.

ಫೋನಿನಲ್ಲಿ ಮಾತುಕತೆ ಹೀಗಿರುತ್ತದೆ. “ಗವಾಯಿಗಳೇ, ನೀವು ಎಷ್ಟ್ ತಗೋತೀರಿ?”

“ಇಬ್ಬರದೂ ಕೂಡಿ ಹೇಳ್ತೀನ್ರಿ.”

“ತಬಲಾದವ್ರು ನಮ್ಮೂರಾಗೇ ಅದಾರ್ರಿ, ನೀವೊಬ್ಬರೇ ಬರ್ರಿ.”

“ಅವರ ಕೂಡ ಅವರ ಗವಾಯಿಗಳನ್ನೇ ಕರೀರಿ, ಚಂದ ಆಗ್ತದ.”

ಇದರಿಂದ ಕೆಲವು ಊರು ಕೈಬಿಟ್ಟು ಹೋದವು. ಉಳಿದ ಊರುಗಳು ಮತ್ತೆ ಮತ್ತೆ ಕರೆಯುತ್ತವೆ, ಯಾಕೆಂದರೆ ನಮ್ಮಿಬ್ಬರ ನಡುವಿನ ಹೊಂದಿಕೆಯನ್ನು ಜನ ಕೇಳಿ ಗುರುತಿಸುತ್ತಾರೆ. ನಾನು ಎಲ್ಲಿ ಉಸಿರು ತಗೊಳ್ಳುತ್ತೇನೆಂದು ಅಣ್ಣನಿಗೆ ಗೊತ್ತು, ಆ ಸಂದಿನಲ್ಲೇ ಅವರ ಚಿಕ್ಕ ತಿಹಾಯಿ ಬರುತ್ತದೆ.

ಹೆಸರಿನ ಮಾತು ರೊಕ್ಕಕ್ಕಿಂತ ದೊಡ್ಡದು. ಆಮಂತ್ರಣ ಪತ್ರಿಕೆಯಲ್ಲಿ ಗವಾಯಿಯ ಹೆಸರು ಹಾಕಿ ‘ಮತ್ತು ಸಂಗಡಿಗರು’ ಎಂದು ಮುಗಿಸುತ್ತಾರೆ. ಆಕಾಶವಾಣಿಯಲ್ಲಿ ಹಾಗಲ್ಲ. ಅಲ್ಲಿ ತಬಲಾದವರಿಗೆ ಬೇರೆಯೇ ಧ್ವನಿಪರೀಕ್ಷೆ, ಬೇರೆಯೇ ಶ್ರೇಣಿ, ಪ್ರಸಾರದಲ್ಲಿ ಅವರ ಹೆಸರನ್ನೂ ಹೇಳುತ್ತಾರೆ. ಕಲಬುರಗಿ ಕೇಂದ್ರ 1966ರಿಂದ ಇದೆ. ರೇಡಿಯೊದವರಿಗೆ ತಿಳಿದದ್ದು ಊರ ಕಮಿಟಿಗೂ ತಿಳಿಯಲಿ ಎಂದು ನಾನು ಪತ್ರಿಕೆ ಅಚ್ಚಿಗೆ ಹೋಗುವ ಮೊದಲೇ ಇಬ್ಬರ ಹೆಸರನ್ನೂ ಬರೆದು ಕಳಿಸುತ್ತೇನೆ. ಇದು ಬರೀ ಮರ್ಯಾದೆಯ ಪ್ರಶ್ನೆಯಲ್ಲ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಕಲಾವಿದರ ಮಾಸಾಶನಕ್ಕೆ ಅರ್ಜಿ ಹಾಕುವಾಗ ಇಷ್ಟು ವರ್ಷ ಕಲೆಯಲ್ಲಿದ್ದೆವು ಎಂಬುದಕ್ಕೆ ದಾಖಲೆ ಬೇಕು. ‘ಸಂಗಡಿಗರು’ ಎಂದಿರುವ ಪತ್ರಿಕೆಗಳ ಕಟ್ಟು ಹಿಡಿದುಕೊಂಡು ಹೋದ ಮುಪ್ಪಿನ ತಬಲಾವಾದಕ ಅಲ್ಲಿ ಏನು ತೋರಿಸಬೇಕು? ನಲವತ್ತು ವರ್ಷ ನುಡಿಸಿದ ಕೈಗೆ ಒಂದು ಕಾಗದದ ಸಾಕ್ಷಿ ಇಲ್ಲದಿರುವುದು ನನಗೆ ಬಹಳ ಸಂಕಟದ ವಿಷಯ.

ಈಗ ಯುಟ್ಯೂಬಿನವರು ಬಂದಿದ್ದಾರೆ. ಒಂದು ಚಾನೆಲ್ಲಿನವರು ಕೇಳದೆಯೇ ನಮ್ಮ ಹಾಡು ಹಾಕಿಕೊಂಡಿದ್ದರು. ಕಡಕೋಳ ಮಡಿವಾಳಪ್ಪನವರಂಥ ಹಳೆಯ ತತ್ವಪದಕಾರರ ಪದಗಳಿಗೆ ಕಾನೂನಿನ ಕಟ್ಟಿಲ್ಲ, ಕರ್ತೃ ತೀರಿ 60 ವರ್ಷವಾದ ಮೇಲೆ ಅವು ಎಲ್ಲರವು. ಆದರೆ ಅವನ್ನು ಹಾಡಿದ, ನುಡಿಸಿದ ಕಲಾವಿದರಿಗೆ ತಮ್ಮ ಪ್ರಯೋಗದ ಮೇಲೆ ಹಕ್ಕು ಇದೆ. ಕಾನೂನು ಕಲಾವಿದ ಎನ್ನುವಾಗ ಗಾಯಕನನ್ನೂ ವಾದಕನನ್ನೂ ಒಟ್ಟಿಗೆ ಹೇಳುತ್ತದೆ.

ನಮ್ಮೂರಿನ ಇಬ್ಬರು ಹುಡುಗರು ಇತ್ತೀಚೆಗೆ ಜೋಡಿ ಕಟ್ಟಿದ್ದಾರೆ, ಒಬ್ಬ ಹಾಡುತ್ತಾನೆ, ಇನ್ನೊಬ್ಬ ಢೋಲಕಿ. “ಕಾಕಾ, ಯಾವ ಪದದಿಂದ ಶುರು ಮಾಡೋಣ್ರಿ?” ಎಂದು ಕೇಳಿಕೊಂಡು ಬಂದರು. ಫೋನ್ ಪೇ ಯಾರ ಹೆಸರಿನಲ್ಲಿದೆ ಎಂದು ಕೇಳಿದೆ. ಹಾಡುವವನ ಹೆಸರಿನಲ್ಲಿತ್ತು. ಮೊದಲು ಇಬ್ಬರ ಹೆಸರಿನ ಖಾತೆ ತೆಗೆಯಿರಿ, ಪದ ಆಮೇಲೆ ಹೇಳಿಕೊಡುತ್ತೇನೆ ಎಂದು ಶಹಾಬಾದಿನ ಬ್ಯಾಂಕಿಗೆ ಕಳಿಸಿದ್ದೇನೆ.